ದೇವರ ಕಂಬಳಿಯೊಳಗೆ ಮಿಂಚುಹುಳು

ಲಗಮವ್ವನಿಗೆ ಸೊಕ್ಕು ಎಂದು ತುಕ್ಕಾನಟ್ಟಿ ಊರಿನ ಆಚೆ ಹೊಲಗಳ ನಡುವೆ ಇರುವ ಕುರುಬರ ತೋಟದ ಮನೆಗಳಲ್ಲಿ ಎಲ್ಲರೂ ಹೇಳುತ್ತಿದ್ದರು. ಬೆನ್ನ ಹಿಂದೆ ಹೋಗಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಎದುರಿಗೇ ಹೇಳುತ್ತಿದ್ದರು. "ಹೌದವ್ವಾ, ಸೊಕ್ಕ ಐತಿ. ಇದ್ದವ್ರು ಮಾಡ್ತಾರ, ಇಲ್ಲದವ್ರು ನೋಡ್ತಾರ" ಎಂದು ಅವಳು ನೆಮ್ಮದಿಯಿಂದ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಅವಳ ಬಳಿ ಇದ್ದದ್ದು ಒಂದು ಕಂಬಳಿ. ನಗಬೇಡಿ. ಸಂತೆಯಲ್ಲಿ ಸಿಗುವ, ಹುಲಿಯ ಚಿತ್ರದ, ಒಂದು ಸಲ ಒಗೆದರೆ ಹುಲಿ ಬೆಕ್ಕಾಗುವ ಬ್ಲಾಂಕೆಟ್ಟಿನ ಮಾತಲ್ಲ ಇದು. ತಮ್ಮದೇ ಹಿಂಡಿನ ಕರಿ ಕುರಿಯ ಉಣ್ಣೆ, ಬಣ್ಣ ಕಾಣದ್ದು. ಮದುವೆಯಾಗಿ ಬಂದ ವರ್ಷ ಲಗಮವ್ವ ತಾನೇ ನೂತದ್ದು, ಗಂಡ ಕಲ್ಲಪ್ಪ ಮಗ್ಗದಲ್ಲಿ ಕುಳಿತು ನೇಯ್ದದ್ದು. ಹುಣಸೆ ಬೀಜದ ಗಂಜಿ ಕುಡಿದು ಗಟ್ಟಿಯಾದದ್ದು. ವರ್ಷವಿಡೀ ಅದು ಬೇವಿನೆಲೆಯ ನಡುವೆ ಟ್ರಂಕಿನಲ್ಲಿ ಮಲಗಿರುತ್ತಿತ್ತು. ತೋಟದಲ್ಲಿ ಮದುವೆಯಾಗಲಿ, ಅಮಾವಾಸ್ಯೆಯ ಪೂಜೆಯಾಗಲಿ, ಕುಲದೇವರು ಬೀರಪ್ಪನಿಗೆ ಗದ್ದುಗೆ ಹಾಸಬೇಕಾದಾಗ ಪೂಜಾರಿ ಬೀರಸಿದ್ದಪ್ಪ ಕರೆಯುತ್ತಿದ್ದುದು ಅವಳೊಬ್ಬಳ ಹೆಸರನ್ನೇ. ಆಗ ಅದನ್ನು ಎರಡೂ ಕೈಯಲ್ಲಿ ಹೊತ್ತು ಅವಳು ನಡೆಯುವ ನಡಿಗೆಯನ್ನು ನೋಡಬೇಕು. ಅಷ್ಟು ಹೊತ್ತು ಅತ್ತೆಯ ಮೊಣಕಾಲು ನೋವು ಎಲ್ಲಿ ಹೋಗಿರುತ್ತದೋ ಎಂದು ಸೊಸೆ ತಾಯವ್ವ ನಗುತ್ತಿದ್ದಳು. ಪೂಜೆ ಮುಗಿದ ಮೇಲೆ ಲಗಮವ್ವ ಕಂಬಳಿಯನ್ನು ಬಿಸಿಲಿಗೆ ಹಿಡಿದು ಸವಾಲು ಹಾಕುತ್ತಿದ್ದಳು.

"ಒಂದರ ತೂತ ತೋರಸ್ರಿ ನೋಡೂನು. ಇದರಾಗ ನೀರೂ ಹಾಯಂಗಿಲ್ಲ, ಸೂರ್ಯಾನೂ ಹಾಯಂಗಿಲ್ಲ."

ಈ ಮಾತೇ ಒಂದು ದಿನ ತಿರುಗಿ ಅವಳ ಕಾಲಿಗೆ ತೊಡರಿಕೊಂಡಿತು.

ಮುಂಗಾರಿನ ಮಿರಗದ ಮಳೆ ಬಿದ್ದು ಹೊಲಗಳೆಲ್ಲ ಹಸಿಯಾಗಿದ್ದ ಒಂದು ಸಂಜೆ. ಲಗಮವ್ವ ರೊಟ್ಟಿ ಬಡಿಯುತ್ತಿದ್ದಳು. ಏಳನೆಯ ತರಗತಿಯ ಮೊಮ್ಮಗಳು ಕಾಜಲ್ ಒಲೆಯ ಪಕ್ಕ ಬಂದು ಕುಳಿತಳು. ಈ ಹೆಸರನ್ನು ಇಟ್ಟವನು ಮಗ ಮಾಲಿಂಗ. 'ನಮ್ಮವ್ವನ ಹೆಸರ ಇಡೋ ಅಂದ್ರ ಕಾಡಿಗಿ ಅಂತ ಇಟ್ಟಾನ ಭಾಡ್ಯಾ' ಎಂದು ಲಗಮವ್ವ ತೊಟ್ಟಿಲ ಮುಂದೆಯೇ ಬೈದಿದ್ದಳು. ಈಗ ಆ ಹೆಸರನ್ನು ದಿನಕ್ಕೆ ನೂರು ಸಲ ಕೂಗುವವಳೂ ಅವಳೇ.

"ಆಯಿ, ಒಂದಿನದ ಮಟ್ಟಿಗೆ ನಿನ್ನ ಕಂಬಳಿ ಬೇಕಿತ್ತ."

"ಅಲ್ಲೇ ಗೂಟಕ್ಕ ಐತಿ, ತೊಗೊ."

"ಅದಲ್ಲ. ಟ್ರಂಕಿನ್ಯಾಗಿಂದು."

ರೊಟ್ಟಿ ಬಡಿಯುವ ಸದ್ದು ನಿಂತಿತು. "ತಲಿ ಕೆಟ್ಟೈತೇನ ನಿಂದ? ಅದು ದೇವರದ."

ಕಾಜಲ್ ಎದ್ದು ಹೋಗಲಿಲ್ಲ. ಹಟ ಮಾಡುವುದನ್ನು ಅವಳು ಬೇರೆ ಯಾರಿಂದಲೂ ಕಲಿಯಬೇಕಾಗಿರಲಿಲ್ಲ, ಮನೆಯಲ್ಲೇ ಇತ್ತು. ಕುಳಿತಲ್ಲೇ ಎಲ್ಲವನ್ನೂ ಹೇಳಿದಳು.

ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾಗರತ್ನಾ ಅಕ್ಕೋರು ಹುಕ್ಕೇರಿ ಕಡೆಯವರು. ದಿನಾ ಮೂಡಲಗಿಯಿಂದ ಬಸ್ಸಿಗೆ ಬರುತ್ತಿದ್ದರು. ಮಳೆ ಹತ್ತಿದ ವಾರ ಅವರು ಮಕ್ಕಳಿಗೆ ಬೆಳಕು ಕೊಡುವ ಜೀವಿಗಳ ಪಾಠ ಮಾಡಿದ್ದರು. ಸಮುದ್ರದ ತಳದಲ್ಲಿ ಹಣೆಯ ಮುಂದೆ ದೀಪ ತೂಗಿಸಿಕೊಂಡು ಈಜುವ ಮೀನು, ಕಾಡಿನಲ್ಲಿ ಕೊಳೆತ ಮರದ ಮೇಲೆ ಹಸಿರಾಗಿ ಹೊಳೆಯುವ ಅಣಬೆ, ಅಲೆ ಒಡೆದಾಗ ನೀಲಿಯಾಗಿ ಮಿನುಗುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು. ಮಕ್ಕಳು ಬಾಯಿ ಬಿಟ್ಟು ಕೇಳಿದರು. ಆದರೆ ಸಮುದ್ರ ಕಂಡವರು ಯಾರು? ಅವರು ಕಂಡದ್ದು ಘಟಪ್ರಭೆಯ ಕಾಲುವೆ. ಆಗ ಕಾಜಲ್ ಎದ್ದು, ನಮ್ಮ ಕಬ್ಬಿನ ಬದುವಿನಲ್ಲಿ ಮಿಂಚುಹುಳು ಬರುತ್ತವೆ, ಅವು ಇದೇ ಜಾತಿಯವೇ ಎಂದು ಕೇಳಿದ್ದಳು. ಅಕ್ಕೋರಿಗೆ ಅಷ್ಟೇ ಬೇಕಾಗಿತ್ತು. ಮುಂದಿನ ವಾರ ಅವರ ಶಾಲೆಯಲ್ಲೇ ಮಕ್ಕಳ ಹಬ್ಬ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಸಣ್ಣ ಶಾಲೆಗಳ ಮಕ್ಕಳು ಬರುತ್ತಾರೆ. ಅಲ್ಲಿ ದೊಡ್ಡ ತರಗತಿಯವರು ಸಣ್ಣವರಿಗೆ ಪಾಠ ಮಾಡಬೇಕು. ಮಿಂಚುಹುಳುವಿನ ಪಾಠ ಕಾಜಲ್‌ಳದು.

ಹಗಲಿನಲ್ಲಿ ಮಿಂಚುಹುಳು ತೋರಿಸಬೇಕಾದರೆ ಕತ್ತಲೆ ಬೇಕು. ಶಾಲೆಯ ಕಿಟಕಿಗಳಿಗೆ ಸರಳಿದ್ದವು, ಕದ ಇರಲಿಲ್ಲ. ತರಗತಿಯ ಮೂಲೆಯಲ್ಲಿ ಬಿದಿರು ಕಟ್ಟಿ ಗುಡಾರ ಮಾಡಿದರು. ಬ್ಲಾಂಕೆಟ್ಟು ಹೊದಿಸಿ ನೋಡಿದರೆ ಒಳಗೆ ಜರಡಿ ಹಿಡಿದ ಹಾಗೆ ಬೆಳಕು. ಕಂಬಳಿಯೇ ಆಗಬೇಕು ಎಂದು ತಿಳಿಯಿತು. ಮಾಲಿಂಗನೂ ಸೇರಿ ತೋಟದ ದುಡಿಯುವ ಗಂಡಸರೆಲ್ಲ ಕುರಿಯ ಹಿಂದೆ ಹೋಗಿದ್ದರು, ಅವರ ಕಂಬಳಿಗಳೂ ಅವರ ಹೆಗಲೇರಿ ಹೋಗಿದ್ದವು. ಹೇಗೋ ಅಲ್ಲಿ ಇಲ್ಲಿ ಬೇಡಿ ಬದಿಗಳಿಗೆ ಹಳೆಯ ಕಂಬಳಿ ಸಿಕ್ಕವು. ಮೇಲೆ ಹೊದಿಸಲು ಒಂದು ಬೇಕು, ತೂತಿಲ್ಲದ್ದು ಬೇಕು.

"ಸೂರ್ಯಾನೂ ಹಾಯಂಗಿಲ್ಲ ಅಂತ ನೀನ ಹೇಳ್ತಿಯಲ್ಲ ಆಯಿ," ಎಂದಳು ಕಾಜಲ್. "ನಾ ಅಕ್ಕೋರ ಮುಂದ ಅದನ್ನ ಹೇಳೇನಿ."

"ಯಾರ ಹೇಳಂದ್ರ ನಿಂಗ? ಹುಳಕ್ಕ ದೇವರ ಕಂಬಳಿ ಹೊಚ್ಚಾಕ ಹೊಂಟಾಳಂತ!" ಲಗಮವ್ವ ಸಿಟ್ಟಿನಿಂದ ಬಡಿದ ರೊಟ್ಟಿ ಒಂದು ಕಡೆ ಹರಿದುಹೋಯಿತು. "ಆಗೂದಿಲ್ಲ. ಮಾತ ಮುಗೀತ."

ಕಾಜಲ್ ಮೊಣಕಾಲಿನಲ್ಲಿ ಮುಖ ಹುದುಗಿಸಿದಳು. ಅವಳು ಹೀಗೆ ಕೂತದ್ದನ್ನು ಲಗಮವ್ವ ಮೊದಲೂ ಕಂಡಿದ್ದಳು. ಹೋದ ವರ್ಷ ಶಾಲೆಯ ಭಾಷಣದಲ್ಲಿ ಹುಡುಗಿ ನಡುವೆಯೇ ಮಾತು ಮರೆತು ನಿಂತುಬಿಟ್ಟಿದ್ದಳು. ಬಾಯಿ ತೆರೆದು, ಸದ್ದಿಲ್ಲದೆ ನಿಂತದ್ದನ್ನು ಊರ ಹುಡುಗರು ತಿಂಗಳುಗಟ್ಟಲೆ ಅಣಕಿಸಿದ್ದರು. ಇನ್ನು ನಾನು ನಾಲ್ಕು ಜನರ ಮುಂದೆ ಎಂದೂ ನಿಲ್ಲುವುದಿಲ್ಲ ಎಂದು ಅವಳು ಅಂದು ಇದೇ ಒಲೆಯ ಮುಂದೆ ಅತ್ತಿದ್ದಳು. ಈ ವರ್ಷ ತಾನಾಗಿ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ. ಈಗ ಕೆಟ್ಟರೆ ಮತ್ತೆ ಏಳುವವಳಲ್ಲ. ಇದು ಲಗಮವ್ವನ ಎದೆಗೆ ತಟ್ಟಿತು. ಆದರೆ ಬಾಯಿಗೆ ಬರಲಿಲ್ಲ, ಅವಳ ಬಾಯಿ ಹಾಗೆಲ್ಲ ಬೇಗ ಸೋಲುವ ಬಾಯಿಯಲ್ಲ.

ಊಟಕ್ಕೆ ಮುಂಚೆ ಕಾಜಲ್ ಅಜ್ಜಿಯ ಕೈ ಹಿಡಿದು ಕಾಲುವೆಯ ದಂಡೆಗೆ ಎಳೆದುಕೊಂಡು ಹೋದಳು. ಹೊತ್ತು ಮುಳುಗಿ ಕಬ್ಬು ಕಪ್ಪಗಾಗಿತ್ತು. ಬದುವಿನ ಹುಲ್ಲಿನಿಂದ ಒಂದೊಂದೇ ಹುಳು ಎದ್ದು ಮಿನುಗತೊಡಗಿದವು. ಹುಡುಗಿ ಒಂದನ್ನು ಮೆಲ್ಲಗೆ ಹಿಡಿದು ಅಜ್ಜಿಯ ಅಂಗೈಯಲ್ಲಿ ಇಟ್ಟಳು.

"ಇದೇನ ಹೊಸಾದ? ಸಣ್ಣಾಕಿದ್ದಾಗ ನಾವು ಇವನ್ನ ಹಣಿಗೆ ಅಂಟಿಸ್ಕೊಂಡು ಬೊಟ್ಟ ಅಂತಿದ್ದಿವು," ಎಂದಳು ಲಗಮವ್ವ.

"ಸುಡತೈತೇನ?"

ಲಗಮವ್ವ ಅಂಗೈಯನ್ನು ಹತ್ತಿರ ತಂದು ನೋಡಿದಳು. ದೀಪ ಎಂದರೆ ಬಿಸಿ, ಒಲೆ ಎಂದರೆ ಬಿಸಿ, ಬಲ್ಬು ಕೂಡ ಮುಟ್ಟಿದರೆ ಚುರುಕ್ಕೆನ್ನುತ್ತದೆ. ಇಷ್ಟು ವರ್ಷ ಈ ಹುಳುವನ್ನು ನೋಡಿದ್ದಳು, ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. "ಇಲ್ಲಲ್ಲ. ತಂಪ ಐತಿ," ಎಂದಳು, ತನಗೇ ಆಶ್ಚರ್ಯವಾಗಿ.

"ಅದಕ್ಕ ತಂಪು ಬೆಳಕ ಅಂತಾರ. ಅದರ ಹೊಟ್ಟ್ಯಾಗ ಒಂದು ವಸ್ತು ಐತಿ, ಲೂಸಿಫೆರಿನ್ ಅಂತ. ಗಾಳ್ಯಾಗಿನ ಆಮ್ಲಜನಕ ಅದಕ್ಕ ಕೂಡಿದ್ರ ಬೆಳಕ ಹತ್ತತೈತಿ. ಗಾಳಿ ತಡದ್ರ ಆರತೈತಿ. ಹತ್ತಿಸಿ ಆರಿಸಿ ತನ್ನ ಜೋಡೀನ ಕರೀತೈತಿ ಆಯಿ. ಒಂದೊಂದು ಜಾತೀದು ಕರಿಯೂ ರೀತೀನ ಬ್ಯಾರೆ."

"ನಿಮ್ಮ ಮುತ್ಯಾ ಕುರಿ ಕರದಂಗ," ಎಂದಳು ಲಗಮವ್ವ. ಹಿಂಡು ಹಿಂಡಿಗೂ ಕೂಗು ಬೇರೆ, ತಮ್ಮ ಕೂಗು ಕೇಳಿದ ಕುರಿ ಮಾತ್ರ ತಿರುಗುತ್ತದೆ.

"ಹಂಗ!" ಕಾಜಲ್ ಚಪ್ಪಾಳೆ ತಟ್ಟಿದಳು. "ಇದನ್ನ ನಾ ಪಾಠದಾಗ ಹೇಳ್ತೇನಿ."

ಮನೆಗೆ ಬಂದಾಗ ಹೊರಸಿನ ಮೇಲೆ ಕುಳಿತಿದ್ದ ಕಲ್ಲಪ್ಪ ವಿಷಯವನ್ನೆಲ್ಲ ಕೇಳಿದ. ಅವನು ವಾರಕ್ಕೆ ಒಂದು ಮಾತಾಡುವ ಮನುಷ್ಯ. ಆ ವಾರದ ಮಾತು ಇದಾಯಿತು: "ಹುಳದ ಹೊಟ್ಟ್ಯಾಗ ದೀಪ ಇಟ್ಟಾವ ಯಾರ? ಬೀರಪ್ಪನ ಅಲ್ಲೇನ? ಅವನ ದೀಪಕ್ಕ ಅವನ ಕಂಬಳಿ."

ಗಂಡನ ಮಾತಿಗೆ ಒಪ್ಪುವುದು ಲಗಮವ್ವನ ಪದ್ಧತಿಯಲ್ಲಿ ಇರಲಿಲ್ಲ. ಆದ್ದರಿಂದ ಅವಳು ಒಪ್ಪಿದ್ದು ಮಾರನೆಯ ದಿನ, ಅದೂ ತನಗೇ ಹೊಳೆದ ಹಾಗೆ. "ಕಂಬಳಿ ಕೊಡ್ತೇನಿ. ಆದ್ರ ಅದು ಎಲ್ಲೈತೋ ನಾನೂ ಅಲ್ಲೇ. ಯಾರರ ಕಾಲ ತಾಗಿಸಿದ್ರ ನೋಡ ಮತ್ತ!"

ಸುದ್ದಿ ಪೂಜಾರಿ ಬೀರಸಿದ್ದಪ್ಪನ ಕಿವಿಗೆ ಬೀಳಲು ತಡವಾಗಲಿಲ್ಲ. ಅವನು ಕೆಟ್ಟವನಲ್ಲ, ದೇವರ ಲೆಕ್ಕ ಸರಿಯಾಗಿರಬೇಕು ಎನ್ನುವವನು ಅಷ್ಟೆ. "ಒಯ್ಯಿ, ಬ್ಯಾಡ ಅನ್ನೂದಿಲ್ಲ. ಖರೆ ಹೊರಗ ಹೋಗೂ ಮುಂದ ಭಂಡಾರದ ಅರಿಷಿಣ ಹಚ್ಚಿ ಲೋಬಾನದ ಹೊಗಿ ಕೊಡಬೇಕ. ಬಂದ ಮ್ಯಾಲೂ ಕೊಡಬೇಕ," ಎಂದ.

ಕೊಡು ಎಂದದ್ದು ಒಂದು ಹೊಗೆ. ಲಗಮವ್ವ ಒಂದಕ್ಕೆ ನಿಲ್ಲುವವಳೇ? ನಾಳೆ ಯಾರೂ ಬೆರಳು ತೋರಿಸಬಾರದು, ಲಗಮವ್ವ ದೇವರ ಕಂಬಳಿಯನ್ನು ಹಾಗೇ ಎತ್ತಿಕೊಂಡು ಹೋದಳು ಎನ್ನಬಾರದು. ಹಬ್ಬದ ದಿನ ಕೋಳಿ ಕೂಗುವ ಮೊದಲೇ ಎದ್ದು ಕಂಬಳಿಗೆ ಭಂಡಾರ ಹಚ್ಚಿದಳು. ಮಡಕೆಯ ಚೂರಿನಲ್ಲಿ ಕೆಂಡ ತುಂಬಿ, ಮೇಲೆ ಲೋಬಾನ ಸುರಿದಳು. ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕಂಬಳಿ ಹರವಿದಳು. ಹೊಗೆ ಕಡಿಮೆಯಾದಾಗಲೆಲ್ಲ ಮತ್ತೊಂದು ಹಿಡಿ. ಒಳಗೆ ಮಲಗಿದ್ದ ಕಲ್ಲಪ್ಪ ಕೆಮ್ಮಿ ಕೆಮ್ಮಿ ಎದ್ದು ಕೂತ. ಕಾಜಲ್ ಆಗಲೇ ತಾಯಿಯ ಜೊತೆ ಬದುವಿಗೆ ಹುಳು ಹಿಡಿಯಲು ಹೋಗಿದ್ದಳು. ಕಂಬಳಿಯ ಎಳೆ ಎಳೆಯೂ ಹೊಗೆ ಕುಡಿದ ಮೇಲೆ ಅವಳಿಗೆ ಸಮಾಧಾನವಾಯಿತು. ಹೊರಗೆ ತುಂತುರು ಬೀಳುತ್ತಿದ್ದುದರಿಂದ ಬಿಸಿ ಬಿಸಿಯಾಗಿಯೇ ಮಡಚಿ, ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ತಲೆಯ ಮೇಲೆ ಹೊತ್ತು ನಡೆದಳು. ಪಕ್ಕದಲ್ಲಿ ಕಾಜಲ್ ಮಣ್ಣಿನ ಗಡಿಗೆ ಹಿಡಿದಿದ್ದಳು. ಒಳಗೆ ಹಸಿ ಹುಲ್ಲು, ಹುಳುಗಳು. ಬಾಯಿಗೆ ಸೊಳ್ಳೆ ಪರದೆಯ ತುಂಡು.

ಶಾಲೆಯ ಅಂಗಳ ತುಂಬಿತ್ತು. ಟೆಂಪೋಗಳಲ್ಲಿ ಮಕ್ಕಳು ಬಂದು ಇಳಿಯುತ್ತಿದ್ದರು. ಕುರುಬರ ತೋಟದ ಹೆಂಗಸರೂ ಬಂದಿದ್ದರು. ಮಕ್ಕಳ ಪಾಠ ನೋಡುವುದಕ್ಕಿಂತ ಲಗಮವ್ವನ ಕಂಬಳಿ ಗುಡಾರವಾಗುವುದನ್ನು ನೋಡುವುದೇ ಅವರಿಗೆ ಮುಖ್ಯವಾಗಿತ್ತು. ಬೀರಸಿದ್ದಪ್ಪನೂ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಲಗಮವ್ವ ತಾನೇ ನಿಂತು ಬಿದಿರಿನ ಮೇಲೆ ಕಂಬಳಿ ಎಳೆಸಿದಳು. ಸುಕ್ಕಿಲ್ಲದೆ, ತುದಿಗೆ ತುದಿ ಕೂಡಿಸಿ. ಒಳಗೆ ತಲೆ ಹಾಕಿ ನೋಡಿದ ನಾಗರತ್ನಾ ಅಕ್ಕೋರು, "ಏನ ಕತ್ತಲಿರೀ ಅಮ್ಮಾ ಇದು! ಒಂದ ಎಳಿ ಬೆಳಕ ಇಲ್ಲ," ಎಂದರು. ಲಗಮವ್ವ ಹೆಂಗಸರ ಕಡೆ ಒಂದು ನೋಟ ಬೀರಿದಳು. ಆ ನೋಟದ ಅರ್ಥ ಎಲ್ಲರಿಗೂ ಆಯಿತು.

ಗಡಿಗೆಯನ್ನು ಗುಡಾರದೊಳಗೆ ಇಟ್ಟು ನಾಲ್ಕೂ ಕಡೆ ಮುಚ್ಚಿದರು. ಆಮೇಲೆ ಭಾಷಣ. ಹಬ್ಬ ಎಂದ ಮೇಲೆ ಭಾಷಣ ಇರಲೇಬೇಕು, ಭಾಷಣ ಎಂದ ಮೇಲೆ ಅದು ಉದ್ದ ಇರಲೇಬೇಕು. ಮಾತಾಡಿದವರೆಲ್ಲ ನನ್ನದೊಂದೇ ಮಾತು ಎನ್ನುತ್ತಲೇ ಮಾತಾಡಿದರು. ಮುಗಿಯುವಷ್ಟರಲ್ಲಿ ಸಣ್ಣ ಮಕ್ಕಳಿಗೆ ಹಸಿವಾಗಿತ್ತು.

ಮೊದಲ ತಂಡ ಹುಕ್ಕೇರಿ ಕಡೆಯ ಪುಟ್ಟ ಮಕ್ಕಳದು. ಅವರ ಜೊತೆ ಗೋಕಾಕದ ಕಡೆಯಿಂದ ಬಂದ ಮಾಸ್ತರರೊಬ್ಬರೂ ಬಗ್ಗಿ ಒಳಗೆ ಬಂದರು. ಲಗಮವ್ವ ಮೂಲೆಯಲ್ಲಿ ಮೊದಲೇ ಕುಳಿತಿದ್ದಳು. ಕಾಜಲ್ ಗಡಿಗೆಯ ಮುಂದೆ ಮಂಡಿಯೂರಿ ಕುಳಿತು ಶುರು ಮಾಡಿದಳು.

"ಎಲ್ಲಾರೂ ಕಣ್ಣ ಮುಚ್ಚರಿ. ಕತ್ತಲಿಗೆ ಕಣ್ಣ ರೂಢಿ ಆಗಬೇಕ. ಈಗ ತಗೀರಿ. ನಾ ಗಡಗಿ ಮೆಲ್ಲಕ ತಟ್ಟತೇನಿ, ನೀವು ಏನ ಕಾಣತೈತಿ ಹೇಳ್ರಿ."

ತಟ್ಟಿದಳು. ಕತ್ತಲೆ.

ಮತ್ತೆ ತಟ್ಟಿದಳು. ಕತ್ತಲೆ ಹಾಗೇ ಇತ್ತು.

"ಏನೂ ಕಾಣವಲ್ದು," ಎಂದ ಭೀಮೇಶ ಎಂಬ ಒಂದು ಪುಟಾಣಿ. ಇನ್ನೊಂದು ಮಗು ಕಿಸಕ್ಕನೆ ನಕ್ಕಿತು.

ಮಾಸ್ತರರು ಮೊಬೈಲಿನ ಬೆಳಕು ಹಾಕಿ ಗಡಿಗೆಯೊಳಗೆ ಇಣುಕಿದರು. ಹುಳುಗಳು ಹುಲ್ಲಿನ ಬುಡದಲ್ಲಿ ಕಾಲು ಮಡಚಿಕೊಂಡು ಬಿದ್ದಿದ್ದವು. "ಸತ್ತಾವ ಅನಸತೈತಿ. ಇರಲಿ ಬಿಡವ್ವಾ. ಬಾಯ್ಲೇ ಹೇಳಿಬಿಡು," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಕಾಜಲ್ ಬಾಯಿ ತೆರೆದವಳು ಹಾಗೇ ಇದ್ದಳು. ಸದ್ದು ಬರಲಿಲ್ಲ. ಗುಡಾರದ ಹೊರಗೆ ಆಗಲೇ ಗುಸುಗುಸು ಹತ್ತಿತ್ತು. "ಹೋದ ವರ್ಷದ್ದ ಕತಿ ಮತ್ತ," ಎಂದು ಯಾರೋ ಹೇಳಿದ್ದು ಕಂಬಳಿಯನ್ನು ದಾಟಿ ಒಳಗೆ ಬಂತು. ನೀರು, ಸೂರ್ಯ ಯಾವುದೂ ಹಾಯದ ಕಂಬಳಿಯಲ್ಲಿ ಮಾತು ಹಾಯ್ದಿತ್ತು.

ಲಗಮವ್ವ ಮೊಮ್ಮಗಳ ಕಡೆ ಸರಿದಳು. ಒಂದು ದೀರ್ಘ ಉಸಿರು ಎಳೆದಳು. ಎಳೆದ ಉಸಿರು ಗಂಟಲಲ್ಲಿ ಘಾಟಾಗಿ ಕೂತಿತು. ಲೋಬಾನ. ಗುಡಾರದೊಳಗೆಲ್ಲ ಅದೇ. ಚೀಲದಲ್ಲಿ ಕಟ್ಟಿ ತಂದ ಹೊಗೆಯನ್ನೆಲ್ಲ ಕಂಬಳಿ ಈ ಮುಚ್ಚಿದ ಜಾಗದಲ್ಲಿ, ಭಾಷಣ ಮುಗಿಯುವ ತನಕ, ಆ ಗಡಿಗೆಯ ಮೇಲೆ ಮೆಲ್ಲಗೆ ಬಿಟ್ಟಿತ್ತು. ದೊಡ್ಡ ಮನುಷ್ಯ ಕಲ್ಲಪ್ಪನೇ ಕೆಮ್ಮಿ ಎದ್ದು ಕೂತಿದ್ದ. ಬೆರಳ ತುದಿಯಷ್ಟು ಹುಳು ಎಷ್ಟು ತಡೆದೀತು?

ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ತೋಟದ ಹೆಂಗಸರೆಲ್ಲ ಇದ್ದಾರೆ. ಲಗಮವ್ವನ ಸೊಕ್ಕಿನ ಕಂಬಳಿಯೇ ಮೊಮ್ಮಗಳ ದೀಪ ಆರಿಸಿತು ಎಂದು ಕಬ್ಬು ಕಡಿಯುವಾಗ, ಕುರಿ ಉಣ್ಣೆ ಕತ್ತರಿಸುವಾಗ, ಮದುವೆಯಲ್ಲಿ, ಮುಂಜಾನೆ ನೀರಿಗೆ ಹೋದಲ್ಲಿ, ಆಡಿಕೊಂಡು ನಗಲು ಅವರಿಗೆ ಜನ್ಮಕ್ಕಾಗುವಷ್ಟು ಸಿಗುತ್ತದೆ. ಬೀರಸಿದ್ದಪ್ಪ ಬೇರೆ ಪಡಸಾಲೆಯಲ್ಲೇ ಇದ್ದಾನೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹುಳು ಸತ್ತವು, ಹುಡುಗಿ ಹೆದರಿದಳು, ಅಷ್ಟೆ. ಕತ್ತಲೆಯಲ್ಲಿ ಕಾಜಲ್ ಮೂಗು ಎಳೆದ ಸದ್ದು ಕೇಳಿಸಿತು.

"ಹುಡುಗೀದೇನ ತಪ್ಪಿಲ್ಲ!" ಎಂದು ಲಗಮವ್ವ ಗುಡಾರ ಅದುರುವ ಹಾಗೆ ಹೇಳಿದಳು. ಹೊರಗಿನವರಿಗೂ ಕೇಳಲಿ ಎಂದೇ ಹೇಳಿದಳು. "ತಪ್ಪ ನಂದು. ಪೂಜಾರಿ ಒಂದ ಹೊಗಿ ಕೊಡ ಅಂದಾ, ನಾ ಹತ್ತ ಕೊಟ್ಟೇನಿ. ಕಂಬಳಿ ತುಂಬ ಹೊಗಿ ಐತಿ. ನನ್ನ ಸೊಕ್ಕಿಗೆ ಹುಳಾ ಸತ್ತಾವು."

ಹೊರಗಿನ ಹೆಜ್ಜೆಗಳು ಕಂಬಳಿಯ ಹತ್ತಿರಕ್ಕೆ ಸರಿದವು. ಒಳಗೆ ಕಾಜಲ್ ಥಟ್ಟನೆ ತಲೆ ಎತ್ತಿದಳು.

"ಹೊಗಿ? ಆಯಿ, ಹೊಗಿ ಕೊಟ್ಟಿದ್ದೇನ?"

"ಕೊಟ್ಟಿದ್ನೆವ್ವಾ."

"ಹಂಗಾದ್ರ ಸತ್ತಿರಾಕಿಲ್ಲ!" ಹುಡುಗಿ ಗಡಿಗೆಯನ್ನು ಎತ್ತಿಕೊಂಡಳು. "ಉಸರ ಕಟ್ಟೈತಿ ಅವಕ್ಕ. ಗಾಳಿ ಇಲ್ಲಂದ್ರ ಬೆಳಕ ಹತ್ತೂದ ಇಲ್ಲ. ಎಲ್ಲಾರೂ ಹೊರಗ ನಡೀರಿ! ಆಯಿ, ಕಂಬಳಿ ಜಾಡಸು!"

ನಾಗರತ್ನಾ ಅಕ್ಕೋರು ನೆರವಿಗೆ ಎರಡು ಹೆಜ್ಜೆ ಮುಂದೆ ಬಂದವರು, ಹುಡುಗಿಯ ಮುಖ ನೋಡಿ ಅಲ್ಲೇ ನಿಂತರು. ಕೈಕಟ್ಟಿ ನಿಂತು ಕೇಳತೊಡಗಿದರು. ಕಾಜಲ್ ಗಡಿಗೆಯನ್ನು ಪಡಸಾಲೆಯ ತಂಪಿನಲ್ಲಿ ಗಾಳಿಗೆ ಇಟ್ಟು, ಪರದೆಯ ಮೇಲೆ ರಟ್ಟಿನಿಂದ ಮೆಲ್ಲಗೆ ಗಾಳಿ ಬೀಸುತ್ತ, ಸುತ್ತ ನೆರೆದ ಮಕ್ಕಳಿಗೆ ಹೇಳಿದಳು:

"ಎಲ್ಲಾರೂ ಮೂಗ ಹಿಡ್ಕೋರಿ. ಬಾಯೂ ಮುಚ್ಚರಿ. ನಾ ಹೇಳೂ ತನಕ ಬಿಡಬ್ಯಾಡ್ರಿ."

ಮಕ್ಕಳು ಕೆನ್ನೆ ಉಬ್ಬಿಸಿ ಕುಳಿತರು. ಭೀಮೇಶನ ಕಣ್ಣು ದೊಡ್ಡದಾಗಿ, ಮುಖ ಕೆಂಪಾಗಿ, ಕೊನೆಗೆ ಅವನು ಭುಸ್ಸೆಂದು ಉಸಿರು ಬಿಟ್ಟ. ಎಲ್ಲರೂ ನಕ್ಕರು.

"ಯಾಕ ಬಿಟ್ಟಿ?"

"ಗಾಳಿ ಬೇಕಾತ್ರೀ!"

"ಮೂಗ ಹಿಡ್ಕೊಂಡಾಗ ನಿಂಗ ಹಾಡ ಹೇಳಾಕ ಆಗತಿತ್ತೇನ? ಆಗೂದಿಲ್ಲ. ಈ ಹುಳಕ್ಕೂ ಹಂಗ. ಇದರ ಹಾಡ ಅಂದ್ರ ಬೆಳಕ. ಗಾಳಿ ಒಳಗ ಹೋದ್ರ ಬೆಳಕ, ತಡದ್ರ ಕತ್ತಲಿ. ನಮ್ಮ ಮುತ್ಯಾ ಒಂದ ಥರಾ ಕೂಗಿ ಕುರಿ ಕರಿತಾನ, ಇದು ಬೆಳಕಿನ್ಲೇ ತನ್ನವರನ್ನ ಕರಿತೈತಿ. ಸಮುದ್ರದಾಗ ಮೀನೂ ಹಿಂಗ ದೀಪ ಹಚ್ತಾವು, ಆದ್ರ ಅವು ಬ್ಯಾಟಿ ಹಿಡ್ಯಾಕ ಹಚ್ತಾವು."

ಇತ್ತ ಅಂಗಳದಲ್ಲಿ ಲಗಮವ್ವ, ತಾಯವ್ವ ಕಂಬಳಿಯ ತುದಿಗಳನ್ನು ಹಿಡಿದು ಜಾಡಿಸುತ್ತಿದ್ದರು. ದೇವರ ಕಂಬಳಿ ಮಕ್ಕಳ ಚಪ್ಪಲಿಗಳ ನಡುವೆ ಶಾಲೆಯ ಅಂಗಳದಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಭಂಡಾರದ ಹಳದಿ ಪುಡಿ ಹಾರಿ ಇಬ್ಬರ ಮೂಗಿಗೂ ಮೆತ್ತಿಕೊಂಡಿತು. ಲಗಮವ್ವನಿಗೆ ಯಾರು ನಗುತ್ತಿದ್ದಾರೆ ಎಂದು ನೋಡಲು ಪುರುಸೊತ್ತಿರಲಿಲ್ಲ. ಆಮೇಲೆ ನೋಡಿದಾಗ ಯಾರೂ ನಗುತ್ತಿರಲಿಲ್ಲ. ನೆರೆಮನೆಯ ರಾಯವ್ವ, ಈ ಕಂಬಳಿಯನ್ನು ವರ್ಷಗಟ್ಟಲೆ ಆಡಿಕೊಂಡವಳೇ, ಬಂದು ಮೂರನೆಯ ತುದಿ ಹಿಡಿದಳು.

ಮತ್ತೆ ಗುಡಾರ ಎದ್ದಿತು. ಮತ್ತೆ ಮಕ್ಕಳು ಒಳಗೆ ಸೇರಿದರು. ಈ ಸಲ ಮಾಸ್ತರರು ಮೊಬೈಲು ಜೇಬಿನಲ್ಲಿಟ್ಟು ಮಕ್ಕಳ ನಡುವೆಯೇ ಚಕ್ಕಳಮಕ್ಕಳ ಹಾಕಿ ಕುಳಿತರು. ಕಾಜಲ್ ಗಡಿಗೆಯನ್ನು ತಟ್ಟಲಿಲ್ಲ. ಪರದೆಯ ಮೇಲೆ ಮೆಲ್ಲಗೆ ಉಫ್ ಎಂದಳು.

ಏನೂ ಇಲ್ಲ. ಲಗಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೀರಪ್ಪನಿಗೆ ಏನೇನು ಹರಕೆ ಹೊತ್ತಳೋ ಅವಳಿಗೇ ಗೊತ್ತು.

ಆಮೇಲೆ ಗಡಿಗೆಯ ತಳದಲ್ಲಿ ಒಂದು ಹಸಿರು ಚುಕ್ಕೆ. ಹತ್ತಿತು, ಆರಿತು. ಹತ್ತಿತು.

ಮಕ್ಕಳ ಉಸಿರೇ ನಿಂತಿತು. ಪಕ್ಕದಲ್ಲಿ ಇನ್ನೊಂದು ಹತ್ತಿತು, ಅದರಾಚೆ ಮತ್ತೊಂದು. ಎಲ್ಲವೂ ಎದ್ದವೆಂದು ಹೇಳಿದರೆ ಸುಳ್ಳಾಗುತ್ತದೆ, ಕೆಲವು ಏಳಲೇ ಇಲ್ಲ. ಎದ್ದಷ್ಟೇ ಸಾಕಾಗಿದ್ದವು. ಕಾಜಲ್ ಒಂದನ್ನು ತೆಗೆದು ಭೀಮೇಶನ ಅಂಗೈಯಲ್ಲಿ ಇಟ್ಟಳು. ಅವನ ಬೆರಳ ಸಂದುಗಳು ಹಸಿರಾಗಿ ಹೊಳೆದವು. ಅವನು ಅಲುಗಾಡದೆ ಕುಳಿತು ಪಿಸುಗುಟ್ಟಿದ:

"ಸುಡವಲ್ದು. ಅಕ್ಕೋರ, ಇದು ಸುಡವಲ್ದು ನೋಡ್ರಿ!"

ಅಕ್ಕೋರ. ಗುಡಾರದಲ್ಲಿ ನಾಗರತ್ನಾ ಅಕ್ಕೋರು ಇರಲಿಲ್ಲ, ಅವರು ಹೊರಗೆ ನಿಂತಿದ್ದರು. ಹುಡುಗ ಕರೆದದ್ದು ಕಾಜಲ್‌ಳನ್ನು. ಉಳಿದ ಮಕ್ಕಳೂ ಅದನ್ನೇ ಹಿಡಿದರು. "ಅಕ್ಕೋರ, ನನಗೂ!" "ಅಕ್ಕೋರ, ಇನ್ನೊಮ್ಮಿ!" ಕಾಜಲ್ ನಗುತ್ತ, ಗದರುತ್ತ, ಒಬ್ಬೊಬ್ಬರ ಕೈಗೂ ಬೆಳಕು ಇಡುತ್ತ ಹೋದಳು. ಮೂಲೆಯಲ್ಲಿ ಲಗಮವ್ವನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಕತ್ತಲೆಯಲ್ಲಿ ಯಾರು ನೋಡುತ್ತಾರೆ? ಅಂಥ ಕತ್ತಲೆಯನ್ನು ತಾನೇ ನೂತದ್ದು ಎಂಬ ಹೆಮ್ಮೆ ಬೇರೆ ಇತ್ತು. ಆದರೆ ಅಂದು ಮೊದಲ ಸಲ ಆ ಹೆಮ್ಮೆ ಅವಳ ಎದೆಯಲ್ಲಿ ಎರಡನೆಯ ಜಾಗಕ್ಕೆ ಸರಿದಿತ್ತು.

ಸಂಜೆಯ ತನಕ ತಂಡದ ಮೇಲೆ ತಂಡ ಬಂತು. ಕೊನೆಗೆ ತೋಟದ ಹೆಂಗಸರೂ ಬಗ್ಗಿ ಒಳಗೆ ಬಂದು ಮಕ್ಕಳ ಹಾಗೆ ಕೈ ಚಾಚಿದರು. ಹೊತ್ತು ಮುಳುಗುವ ಮುಂಚೆ ಕಾಜಲ್ ಉಳಿದ ಹುಳುಗಳನ್ನೆಲ್ಲ ಹಿಡಿದಲ್ಲಿಗೇ ಒಯ್ದು, ಕಬ್ಬಿನ ಬದುವಿನಲ್ಲಿ ಬಿಟ್ಟು ಬಂದಳು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಕುರಿ ಕಾಯಲು ಹೋದವರಲ್ಲಿ ಹತ್ತಿರ ಇದ್ದವರು ಪೂಜೆಗೆ ತೋಟಕ್ಕೆ ಬಂದಿದ್ದರು, ಮಾಲಿಂಗನೂ ಬಂದಿದ್ದ. ದೇವರ ಕಟ್ಟೆಯ ಮುಂದೆ ಎಲ್ಲರೂ ಸೇರಿದರು. ಕಟ್ಟೆಯ ಪಕ್ಕದಲ್ಲಿ ಕಾಜಲ್ ಸಣ್ಣ ಮಕ್ಕಳನ್ನು ಗುಡ್ಡೆ ಹಾಕಿಕೊಂಡು ಮಣ್ಣಿನ ಎತ್ತುಗಳಿಗೆ ಕೋಡು ಮಾಡಿಸುತ್ತಿದ್ದಳು. ಬೀರಸಿದ್ದಪ್ಪ ಎಂದಿನಂತೆ ಕರೆದ: "ಲಗಮವ್ವಾ, ಕಂಬಳಿ ತಾ."

ಅವಳು ತಂದಳು, ಅದೇ ನಡಿಗೆಯಲ್ಲಿ. ಅದನ್ನು ಮಡಚಿ ಹಾಸಿ ಗದ್ದುಗೆ ಮಾಡುವ ಮುಂಚೆ ಬೀರಸಿದ್ದಪ್ಪ ಲೋಬಾನದ ಧೂಪಾರತಿ ಎತ್ತಿದ.

"ತಡೀರಿ," ಎಂದಳು ಲಗಮವ್ವ.

ಕಂಬಳಿಯ ಒಂದೊಂದು ಮಡಿಕೆಯನ್ನೂ ಬಿಚ್ಚಿ, ಅಂಚಿನ ಗೊಂಡೆಗಳಲ್ಲಿ ಬೆರಳಾಡಿಸಿ, ಗಾಳಿಗೆ ಹಿಡಿದು ಮೆಲ್ಲಗೆ ಜಾಡಿಸಿದಳು. ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಏನ ಹುಡಕಾಕತ್ತಿ?" ಎಂದ ಬೀರಸಿದ್ದಪ್ಪ.

"ಒಳಗ ಯಾವರ ಹುಳ ಕುಂತಿದ್ರ? ಹೊಗಿ ಬಡದ್ರ ಅದರ ಉಸರ ಕಟ್ಟತೈತಿ, ದೀಪ ಆರತೈತಿ. ಬೀರಪ್ಪ ಕೊಟ್ಟ ದೀಪ ಬೀರಪ್ಪನ ಮುಂದ ಆರಬಾರದ್ರಿ."

"ಇದನ್ನ ನಿಂಗ ಯಾರ ಹೇಳಿದ್ರು?" ಎಂದು ಕೇಳಿದವನು ಮಗ ಮಾಲಿಂಗ. ಶಾಲೆಯ ಹಬ್ಬದ ದಿನ ಅವನು ಕುರಿಯ ಹಿಂದೆ ಇದ್ದ, ಏನನ್ನೂ ಕಂಡಿರಲಿಲ್ಲ.

ತನಗಿಂತ ಕಿರಿಯರನ್ನು ಲಗಮವ್ವ ಎಂದೂ ಬಹುವಚನದಲ್ಲಿ ಕರೆದವಳಲ್ಲ. ಪಂಚಾಯ್ತಿಯ ಅಧ್ಯಕ್ಷನನ್ನೇ 'ಏ ಬಾರೋ' ಎನ್ನುವವಳು. ಈಗ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನಮ್ಮ ಅಕ್ಕೋರು ಹೇಳ್ಯಾರ. ಅಲ್ಲೆ ಮಣ್ಣಾಗ ಕೈ ಮಾಡ್ಕೊಂಡು ಕುಂತಾರಲ್ಲ, ಅವರು."

ಎಲ್ಲರೂ ತಿರುಗಿದರು. ಕಾಜಲ್ ಕೈಯಲ್ಲಿದ್ದ ಎತ್ತನ್ನು ಹಿಡಿದುಕೊಂಡೇ ನಾಚಿ ತಲೆ ತಗ್ಗಿಸಿದಳು. ಮಾಲಿಂಗ ಮಗಳನ್ನೂ ತಾಯಿಯನ್ನೂ ಬದಲಿಸಿ ಬದಲಿಸಿ ನೋಡಿದ. ಬೀರಸಿದ್ದಪ್ಪ ಹುಡುಗಿಯ ಕಡೆ ಎರಡು ಹೆಜ್ಜೆ ಇಟ್ಟ. ಆಮೇಲೆ ಧೂಪಾರತಿಯನ್ನು ಎದೆಯ ಮಟ್ಟಕ್ಕೆ ಇಳಿಸಿ, ನಗದೆ, ಗಂಭೀರವಾಗಿ ಕೇಳಿದ:

"ಅಕ್ಕೋರ, ಈಗ ಹೊಗಿ ಕೊಡಲೇನ್ರಿ?"

ಕಾಜಲ್ ಎದ್ದು ಬಂದಳು. ಕಂಬಳಿಯ ಮೇಲೆ ಬಗ್ಗಿ, ಅಜ್ಜಿ ಹುಡುಕಿದ ಮಡಿಕೆಗಳನ್ನೆಲ್ಲ ತಾನೂ ಒಂದು ಸಲ ನೋಡಿದಳು.

"ಕೊಡ್ರಿ ಕಾಕಾ," ಎಂದಳು. "ಒಳಗ ಯಾರೂ ಇಲ್ಲ."